ತಂದೆಯ ಹೆಸರಿಲ್ಲದ ಪರಿಚಯಪತ್ರ

ಕೆನಡಾದ ಖಾಯಂ ನಿವಾಸಿಯಾದ ದಾವಣಗೆರೆಯ ಬ್ಯಾಂಕ್ ಅಧಿಕಾರಿಯೊಬ್ಬರು ಟೊರಾಂಟೊದಲ್ಲಿ ನೌಕರಿಗಾಗಿ ಪರಿಚಯಪತ್ರ ಬರೆಯಲು ಕುಳಿತರೆ, ಮೊದಲು ಹೊಡೆದುಹಾಕಬೇಕಾದುದು ತಂದೆಯ ಹೆಸರನ್ನೇ. ಭಾವಚಿತ್ರ, ವಯಸ್ಸು, ಧರ್ಮ, ವಿವಾಹದ ವಿಷಯಗಳಿಗೂ ಅಲ್ಲಿ ಎಡೆಯಿಲ್ಲ; ಪಕ್ಷಪಾತಕ್ಕೆ ಆಸ್ಪದವಾಗಬಾರದೆಂಬ ಎಚ್ಚರವದು. ಮನಸ್ಸು ತುಸು ನೋಯುವುದು ಸಹಜವೇ.

ಅದಕ್ಕಿಂತ ಕಠಿನವಾದುದು ಮುಂದಿದೆ. ‘ಸಾಲದ ವಿಭಾಗದಲ್ಲಿದ್ದೆನು’ ಎಂದರೆ ಸಾಲದು. ಎಷ್ಟು ಖಾತೆಗಳನ್ನು ನೋಡಿಕೊಂಡರು, ಎಷ್ಟು ಬಾಕಿ ವಸೂಲಾಯಿತು ಎಂಬುದನ್ನು ಅಂಕಿಗಳಲ್ಲಿ ಹೇಳಬೇಕು. ಆತ್ಮಪ್ರಶಂಸೆಯೆಂದು ಹಿಂಜರಿಯುವ ಸಂಭಾವಿತರು ಸೋಲುವುದು ಇಲ್ಲಿಯೇ! ಖಾಯಂ ನಿವಾಸಿಯೆಂಬುದಕ್ಕೆ ಒಂದು ಸಾಲು ಸಾಕು. ಕೆಲಸದ ಪರವಾನಗಿಯ ಶಂಕೆ ತೊಲಗುವುದು.

‘ಕೆನಡಾದ ಅನುಭವ’ವಿಲ್ಲವೆಂಬ ಅಳುಕೇ? ಆಂಟೇರಿಯೊ ಪ್ರಾಂತದಲ್ಲಿ 25 ಅಥವಾ ಹೆಚ್ಚು ನೌಕರರುಳ್ಳವರು ಜಾಹೀರಾತಿನಲ್ಲಿ ಅದನ್ನು ಕೇಳುವಂತಿಲ್ಲವೆಂಬ ನಿಯಮ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ದಾವಣಗೆರೆಯ ವರ್ಷಗಳನ್ನು ಮೊದಲ ಪುಟದಲ್ಲಿಯೇ ಬರೆಯಬಹುದು.