ನಾಡಿ ಹಿಡಿಯಲು ಬಾರದವನ ಕೈಗೆ ಎದೆ ಕೊಡಬೇಡಿ



2021ರ ಅಕ್ಟೋಬರ್ 29 ನಮ್ಮಲ್ಲಿ ಯಾರಿಗೆ ತಾನೇ ಮರೆತೀತು? ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೊರಟುಹೋದರು. ಮರುದಿನ ಊರಿಗೆ ಊರೇ ವೈದ್ಯರಾಗಿಬಿಟ್ಟಿತು! ‘ಜಿಮ್ಮೇ ಕೊಂದಿತು’ ಎಂದವರೆಷ್ಟು, ಹೆದರಿ ಜಿಮ್ಮು ಬಿಟ್ಟ ಹುಡುಗರೆಷ್ಟು! ಅಂದು ಬಿಟ್ಟವರೂ ತಿಳಿದು ಬಿಡಲಿಲ್ಲ. ಇಂದು ಅದೇ ಬಾಗಿಲಲ್ಲಿ ಮುಗಿಬೀಳುತ್ತಿರುವವರೂ ತಿಳಿದು ಬಂದಿಲ್ಲ.

ನಮ್ಮ ಪ್ರೆಸ್ಸಿನಲ್ಲಿ ಜಿಮ್ಮುಗಳ ಕರಪತ್ರಗಳು ಅಚ್ಚಾಗುತ್ತವೆ. ಗೋಡೆಯ ಚಾರ್ಟೂ ಅಷ್ಟೆ: ‘220ರಲ್ಲಿ ವಯಸ್ಸು ಕಳೆಯಿರಿ, ಅದೇ ನಿಮ್ಮ ಹೃದಯದ ಗರಿಷ್ಠ ಬಡಿತ’. ಪ್ರೂಫ್ ನೋಡಲು ಬಂದ ತರಬೇತುದಾರನನ್ನು ‘ಈ 220 ಎಲ್ಲಿಂದ ಬಂತಪ್ಪಾ?’ ಎಂದು ಕೇಳಿದೆ. ‘ಎಲ್ಲಾ ಕಡೆ ಹಾಕಿದಾರೆ ಸಾರ್’ ಎಂದು ನಕ್ಕ.

ಆ ಲೆಕ್ಕ ಬರೀ ಸರಾಸರಿ. 25ರ ಹುಡುಗನಿಗೆ ಚಾರ್ಟು 195 ಎನ್ನುತ್ತದೆ. ಒಬ್ಬನ ನಿಜವಾದ ಮಿತಿ 183 ಇರಬಹುದು, ಇನ್ನೊಬ್ಬನದು 207. ಇಬ್ಬರನ್ನೂ 175ಕ್ಕೆ ಓಡಿಸಿದರೆ ಒಬ್ಬನಿಗೆ ಅದು ಒಳ್ಳೆಯ ವ್ಯಾಯಾಮ, ಇನ್ನೊಬ್ಬನಿಗೆ ಶಕ್ತಿಯ ತುತ್ತತುದಿ!

ಇದನ್ನು ಕಲಿಸಲೆಂದೇ ವ್ಯಾಯಾಮ ಶರೀರಕ್ರಿಯಾ ಶಾಸ್ತ್ರವಿದೆ. ವಿಶ್ವವಿದ್ಯಾಲಯಗಳ ದೈಹಿಕ ಶಿಕ್ಷಣ ಪದವಿಗಳಲ್ಲಿ ಅದು ಪಾಠ. ‘ಪಿ.ಟಿ. ಮೇಷ್ಟ್ರ ಓದು’ ಎಂದು ಮೂಗು ಮುರಿಯುವವರು ಸ್ವಲ್ಪ ಕೇಳಿ. ಸ್ನಾಯು ಕೆಲಸ ಮಾಡುವಾಗ ಹುಟ್ಟುವ ಶಾಖವನ್ನು ಅಳೆದದ್ದಕ್ಕೆ ಎ.ವಿ. ಹಿಲ್ ಅವರಿಗೆ 1922ರ ನೊಬೆಲ್ ಬಂತು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಹಾರ್ವರ್ಡ್‌ನಿಂದ ಒಂದು ಪರೀಕ್ಷೆ ಹೊರಬಂತು. 20 ಅಂಗುಲದ ಬೆಂಚು. ನಿಮಿಷಕ್ಕೆ 30 ಸಲದಂತೆ 5 ನಿಮಿಷ ಹತ್ತಿಳಿಯಬೇಕು. ಆಮೇಲೆ ಕೂತು, 1, 2 ಮತ್ತು 3 ನಿಮಿಷ ಕಳೆದಾಗ ಒಂದೊಂದು ಸಲ 30 ಸೆಕೆಂಡು ನಾಡಿ ಎಣಿಸಬೇಕು. 70, 55, 45 ಬಂತೆನ್ನಿ. ಒಟ್ಟು 170, ಅದರ ಎರಡರಷ್ಟು 340. ಹತ್ತಿಳಿದ 300 ಸೆಕೆಂಡನ್ನು 100ರಿಂದ ಗುಣಿಸಿ 340ರಿಂದ ಭಾಗಿಸಿ: 88. ತೊಂಬತ್ತು ದಾಟಿದರೆ ಉತ್ತಮ, 55ಕ್ಕಿಂತ ಕೆಳಗಾದರೆ ಕಳಪೆ. ಲಕ್ಷಗಟ್ಟಲೆಯ ಯಂತ್ರ ಬೇಕಿಲ್ಲ. ಬೆಂಚು, ಗಡಿಯಾರ, ಎರಡು ಬೆರಳು ಸಾಕು!

ಹಾಗಾದರೆ ಪದವಿ ಯಾಕೆ? ಯಾರನ್ನು ಆ ಬೆಂಚು ಹತ್ತಿಸಬಾರದು ಎಂದು ತಿಳಿಯಲು. ಎದೆನೋವು ಇದೆಯೇ, ತಲೆಸುತ್ತಿ ಬಿದ್ದದ್ದುಂಟೇ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹೃದಯದಿಂದ ಹೋದರೇ ಎಂದು ಕಲಿತವನು ಮೊದಲು ಕೇಳುತ್ತಾನೆ. ಹೌದು ಎಂದರೆ ವೈದ್ಯರ ಬಳಿ ಕಳಿಸುತ್ತಾನೆ. 88 ಬಂದರೆ ಅದು ದಮ್ಮಿನ ಅಳತೆಯೇ ಹೊರತು ರಕ್ತನಾಳದ ಸರ್ಟಿಫಿಕೇಟಲ್ಲ ಎಂಬುದೂ ಅವನಿಗೆ ಗೊತ್ತು. ಕಲಿಯದವನಿಗೆ ಗೊತ್ತಿರುವುದು ಒಂದೇ ಮಾತು: ‘ಇನ್ನೊಂದು ಸೆಟ್ ಹೊಡಿ ಮಗಾ!’

ಕಬಡ್ಡಿ, ಖೋಖೋ ಆಡಿ ಬೆಳೆದ ಹುಡುಗ ಹುಡುಗಿಯರೇ, ಈ ಓದು ನಿಮ್ಮದು. ದಪ್ಪ ಇಂಗ್ಲಿಷ್ ಪುಸ್ತಕ ಕಂಡು ಹೆದರಬೇಡಿ. ನಾಡಿ, ಉಸಿರು, ದಣಿವು: ಅದರ ಮೂಲಪಾಠವೆಲ್ಲ ನಿಮ್ಮ ತಾಯಿ ಕಲಿಸಿದ ಮಾತುಗಳಲ್ಲೇ ಇದೆ.

ಉಳಿದವರು ನಾಳೆ ಜಿಮ್ಮಿಗೆ ಹೋದಾಗ ಭಾರ ಎತ್ತುವ ಮೊದಲು ತರಬೇತುದಾರನ ಮುಂದೆ ಕೈ ಚಾಚಿ. ‘ನನ್ನ ನಾಡಿ ಎಣಿಸಿ, ಅದರ ಅರ್ಥ ಹೇಳಿ’ ಎನ್ನಿ. ಅವನು ತಡವರಿಸಿದರೆ ಎದ್ದು ಬನ್ನಿ. ಫೀಸು ಹೋದರೆ ಹೋಗಲಿ!