ಶುಗರ್ ಮಾತ್ರೆ ಸಿಗುತ್ತದೆ, ಕಣ್ಣಿನ ತಪಾಸಣೆ? ಗಡಿ ತಾಲೂಕುಗಳ ಮುಂದಿರುವ ಪ್ರಶ್ನೆ

ಧಾರಾಶಿವ ಜಿಲ್ಲೆಯ ಉಮರ್ಗಾ, ಲಾತೂರ್ ಜಿಲ್ಲೆಯ ನಿಲಂಗಾ ಮತ್ತು ಉದ್ಗೀರ್ ಮಹಾರಾಷ್ಟ್ರದಲ್ಲಿದ್ದರೂ ಆಳಂದ, ಬಸವಕಲ್ಯಾಣ, ಭಾಲ್ಕಿಗಳ ನೆರೆಯ ತಾಲೂಕುಗಳು. ಇಲ್ಲಿ ಶುಗರ್ ಮಾತ್ರೆ ಊರಿನ ಮೆಡಿಕಲ್‌ನಲ್ಲೇ ಸಿಗುತ್ತದೆ. ದೊಡ್ಡ ಚಿಕಿತ್ಸೆ ಎಂದರೆ ಮಾತ್ರ ಜನ ಲಾತೂರ್, ಸೊಲ್ಲಾಪುರ, ಇಲ್ಲವೇ ಗಡಿ ದಾಟಿ ಬೀದರ್, ಕಲಬುರಗಿಯ ಬಸ್ ಹತ್ತುತ್ತಾರೆ. ಮಧುಮೇಹಿಯ ದೃಷ್ಟಿ ಅಪಾಯಕ್ಕೆ ಸಿಲುಕುವುದು ಈ ಅಂತರದಲ್ಲೇ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. 40 ದಾಟಿದ ಮಧುಮೇಹಿಗಳಲ್ಲಿ ಶೇ. 12.5ರಷ್ಟು ಮಂದಿಯ ಅಕ್ಷಿಪಟಲಕ್ಕೆ ಹಾನಿಯಾಗಿದೆ, ಶೇ. 4ರಷ್ಟು ಮಂದಿಗೆ ದೃಷ್ಟಿಯೇ ಹೋಗುವ ಭೀತಿಯಿದೆ ಎಂದು 2022ರ ಸ್ಮಾರ್ಟ್ ಇಂಡಿಯಾ ಅಧ್ಯಯನ ಹೇಳಿತ್ತು.

ಯಾರಿಗೆ ಅಪಾಯ ಹೆಚ್ಚು? ಹಲವು ವರ್ಷಗಳಿಂದ ಶುಗರ್ ಇರುವವರಿಗೆ, ಅದು ಹತೋಟಿಯಲ್ಲಿಲ್ಲದವರಿಗೆ. ಜೊತೆಗೆ ಬಿಪಿ, ಕಿಡ್ನಿ ತೊಂದರೆ, ಕೊಲೆಸ್ಟ್ರಾಲ್ ಸೇರಿದರೆ ಕಣ್ಣಿನ ಸಣ್ಣ ರಕ್ತನಾಳಗಳು ಬೇಗ ಸೋರತೊಡಗುತ್ತವೆ. ಮೊದಲೇ ಶುಗರ್ ಇದ್ದು ಗರ್ಭಿಣಿಯಾದವರಿಗೂ ವಿಶೇಷ ಎಚ್ಚರ ಬೇಕು. ಕೂಲಿಗಾಗಿ ತಿಂಗಳುಗಟ್ಟಲೆ ಊರು ಬಿಡುವವರ ಮಾತ್ರೆ ನಡುವೆ ನಿಂತುಹೋದರೆ ಹಾನಿ ಮುಂದುವರಿಯುತ್ತದೆ.

ಕಷ್ಟವೆಂದರೆ, ಆರಂಭದಲ್ಲಿ ನೋವಿಲ್ಲ, ಮಂಜೂ ಇಲ್ಲ. 'ಕಣ್ಣು ಚೆನ್ನಾಗೇ ಕಾಣ್ತದಲ್ಲ' ಎಂದು ಜನ ಸುಮ್ಮನಿರುತ್ತಾರೆ. ಪೊರೆ ನೋಡುವ ಶಿಬಿರಕ್ಕೆ ಹೋಗಿ ಬಂದರೆ ಸಾಕು ಅಂದುಕೊಳ್ಳುವವರೂ ಇದ್ದಾರೆ. ಆದರೆ ಪೊರೆಯೇ ಬೇರೆ, ಅಕ್ಷಿಪಟಲವೇ ಬೇರೆ. ಪಾಪೆ ಹಿಗ್ಗಿಸುವ ಹನಿ ಹಾಕಿ ನೋಡಬೇಕು, ಇಲ್ಲವೇ ಕಣ್ಣಿನ ಒಳಭಾಗದ ಫೋಟೋ ತೆಗೆಯಬೇಕು. ಕನ್ನಡಕದ ನಂಬರ್ ನೋಡಿದರೆ ಇದು ಗೊತ್ತಾಗದು.

ರಕ್ಷಣೆಯ ದಾರಿಯೂ ಇದೆ. ಟೈಪ್ 2 ಮಧುಮೇಹ ಪತ್ತೆಯಾದ ಕೂಡಲೇ ಒಮ್ಮೆ, ಬಳಿಕ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು. ಸರಾಸರಿ ಶುಗರ್ ತಿಳಿಸುವ ಎಚ್‌ಬಿಎ1ಸಿ ಶೇ. 1ರಷ್ಟು ಇಳಿದರೆ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ತೊಂದರೆ ಶೇ. 37ರಷ್ಟು ತಗ್ಗುತ್ತದೆ ಎಂದು ಬ್ರಿಟನ್‌ನ ಯುಕೆಪಿಡಿಎಸ್ ಅಧ್ಯಯನ ತೋರಿಸಿದೆ. ಬಿಪಿ ಹತೋಟಿಯೂ ಅಷ್ಟೇ ಮುಖ್ಯ. ಸಕಾಲದಲ್ಲಿ ಲೇಸರ್ ಅಥವಾ ಇಂಜೆಕ್ಷನ್ ಸಿಕ್ಕರೆ ಉಳಿದ ದೃಷ್ಟಿಯನ್ನು ಹೆಚ್ಚಿನವರಲ್ಲಿ ಕಾಪಾಡಬಹುದು. ಹೋದದ್ದನ್ನು ಪೂರ್ತಿ ಮರಳಿ ತರುವುದು ಕಷ್ಟ.

ಸರಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಶುಗರ್, ಬಿಪಿ ತಪಾಸಣೆಯಿದೆ. ಅದೇ ದಿನ, ಅದೇ ತಾಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಫೋಟೋ ತೆಗೆದು ಜಿಲ್ಲಾ ಕೇಂದ್ರದ ತಜ್ಞರಿಗೆ ಕಳಿಸಿದರೆ ಬಡವನ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಉಳಿಯುತ್ತವೆ. ಅಲ್ಲಿಯವರೆಗೆ ಮನೆಯ ಯುವಕರು ಒಂದು ಕೆಲಸ ಮಾಡಬಹುದು: ತಂದೆ-ತಾಯಿಯ ಶುಗರ್ ಫೈಲಿನಲ್ಲಿ ಕಣ್ಣಿನ ತಪಾಸಣೆಯ ಚೀಟಿ ಇದೆಯೇ, ಅದರ ತಾರೀಕು ಯಾವುದು ಎಂದು ನೋಡುವುದು.