ಏಣಿಯಿಲ್ಲದ ಕನಸು

ನಮ್ಮ ಸಾಹಿತ್ಯ ಪತ್ರಿಕೆಗಳಲ್ಲಿ ‘ಬರೋಕ್’ ಎಂಬುದು ಬಹುಕಾಲದಿಂದ ಬೈಗುಳವಾಗಿದೆ. ಅಲಂಕಾರ ಅತಿಯಾದ ಗದ್ಯವೂ ಬರೋಕ್, ಅಬ್ಬರದ ರಂಗಸಜ್ಜಿಕೆಯೂ ಬರೋಕ್. ಆ ಹೆಸರು ಹೊತ್ತ ಹದಿನೇಳನೆಯ ಶತಮಾನದ ಯುರೋಪಿನ ಧಾರ್ಮಿಕ ಚಿತ್ರಗಳ ಮಾತು ಬಂದರಂತೂ ತೀರ್ಪು ಮೊದಲೇ ಸಿದ್ಧ: ಚಿತ್ರಗಳು ಭಕ್ತರಿಗೆ ಪಾಠ ಹೇಳಬೇಕೆಂದು 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ ವಿಧಿಸಿತು, ಕಲಾವಿದರು ಚರ್ಚಿನ ಪ್ರಚಾರಕರಾದರು. ಈ ವಾದವನ್ನು ನಾವು ಒಪ್ಪುವುದಿಲ್ಲ. ಬೈಬಲ್ಲಿನ ಕನಸುಗಳನ್ನು ಆ ಕಾಲದವರು ಚಿತ್ರಿಸಿದ ಬಗೆಯನ್ನು ನೋಡಿದವರು ಯಾರೂ ಒಪ್ಪಲಾರರು.

ನೇಪಲ್ಸ್‌ನಲ್ಲಿ ನೆಲೆಸಿದ್ದ ಸ್ಪೇನಿನ ಹೊಸೆ ದೆ ರಿಬೇರ 1639ರಲ್ಲಿ ಬರೆದ ‘ಯಾಕೋಬನ ಕನಸು’ ಈಗ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿದೆ. ಅಣ್ಣ ಏಸಾವನ ಕೋಪಕ್ಕೆ ಹೆದರಿ ಮನೆಬಿಟ್ಟ ಯಾಕೋಬ ಕಲ್ಲನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ಕನಸಿನಲ್ಲಿ ಭೂಮಿಯಿಂದ ಆಕಾಶಕ್ಕೆ ನಿಂತ ಏಣಿ, ಅದರಲ್ಲಿ ಹತ್ತಿಳಿಯುವ ದೇವದೂತರು. ಬೆರಗು ಹುಟ್ಟಿಸಿ ಜನರನ್ನು ಒಲಿಸಿಕೊಳ್ಳುವುದೇ ಗುರಿಯಾಗಿದ್ದರೆ ಇದಕ್ಕಿಂತ ಒಳ್ಳೆಯ ವಸ್ತು ಬೇಕಿರಲಿಲ್ಲ. ರಿಬೇರ ಮರದ ಏಣಿಯನ್ನೇ ಕೈಬಿಟ್ಟ. ಅವನ ಯಾಕೋಬ ದಣಿದ ದಾರಿಹೋಕ. ಮಾಸಲು ಬಟ್ಟೆ, ತಲೆಗೆ ಆನಿಸಿದ ಕೈ, ಹಿಂದೆ ಮರದ ಕಾಂಡ. ಮೇಲಿನಿಂದ ಓರೆಯಾಗಿ ಇಳಿಯುವ ಹೊಂಬೆಳಕನ್ನು ಮೋಡವೆಂದುಕೊಂಡು ದಾಟಿಹೋಗಬಹುದು. ಕಣ್ಣು ಅಲ್ಲಿ ನಿಂತರೆ ಮಾತ್ರ ದೂತರ ಆಕೃತಿಗಳು ಮಸುಕುಮಸುಕಾಗಿ ಮೂಡುತ್ತವೆ. ಕನಸು ಮಲಗಿದವನದು, ನೋಡುವವರ ಪಾಲಿಗೆ ಬರುವುದು ಅದರ ಅಂಚು ಮಾತ್ರ. ಫ್ರಾನ್ಸಿನ ನಾಂಟ್‌ನಲ್ಲಿರುವ ಜಾರ್ಜ್ ದೆ ಲಾ ಟೂರ್‌ನ ಚಿತ್ರದಲ್ಲೂ ಇದೇ ಸಂಯಮ. ನಿದ್ದೆಹೋದ ಮುದಿ ಯೋಸೇಫನ, ಯೇಸುವಿನ ಸಾಕುತಂದೆಯ, ಮಡಿಲಲ್ಲಿ ತೆರೆದ ಪುಸ್ತಕ; ಎದುರು ನಿಂತ ದೂತನಿಗೆ ರೆಕ್ಕೆಗಳಿಲ್ಲ, ಚಾಚಿದ ಅವನ ತೋಳು ಮೇಣದಬತ್ತಿಯ ಉರಿಗೆ ಅಡ್ಡ ಬಂದಿದೆ.

ಇವರಿಬ್ಬರೂ ಇಟಲಿಯ ಚಿತ್ರಕಾರ ಕಾರವಾಜ್ಜೊನ ಕತ್ತಲೆಯ ದಾರಿ ಹಿಡಿದವರು, ನಿಜವಾದ ಬರೋಕ್ ಲೂಕಾ ಜೋರ್ದಾನೊನದು ಎಂಬ ಆಕ್ಷೇಪಣೆ ಬರುತ್ತದೆ. ಸರಿ, ಅವನನ್ನೇ ನೋಡೋಣ. ಸ್ಪೇನಿನ ದೊರೆ ಎರಡನೆಯ ಕಾರ್ಲೋಸ್‌ನ ಆಸ್ಥಾನದಲ್ಲಿದ್ದಾಗ, 1690ರ ದಶಕದಲ್ಲಿ, ಅವನು ಬರೆದ ‘ಸೊಲೊಮೋನನ ಕನಸು’ ಕೂಡ ಪ್ರಾಡೊದಲ್ಲೇ ಇದೆ. ಮೋಡಗಳ ನಡುವೆ ದೇವರು, ಮಲಗಿದ ಅರಸನ ಮೇಲೆ ಬೀಳುವ ಬೆಳಕಿನ ಕಿರಣ, ಸಾಲದ್ದಕ್ಕೆ ರೋಮನ್ನರ ವಿದ್ಯಾದೇವತೆ ಮಿನರ್ವಾ. ದೊರೆಯನ್ನು ಮೆಚ್ಚಿಸುವ ಉದ್ದೇಶ ಇಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ನಮ್ಮ ತಕರಾರು ಬೇರೆ. ಸೊಲೊಮೋನ ಕನಸಿನಲ್ಲಿ ಸಿರಿಯನ್ನೂ ದೀರ್ಘಾಯುಷ್ಯವನ್ನೂ ಬಿಟ್ಟು ಬೇಡಿದ್ದು ವಿವೇಕವನ್ನು; ಹೀಬ್ರೂ ಮೂಲದಲ್ಲಿ ಅದಕ್ಕಿರುವ ಪದಗಳ ಅರ್ಥ ‘ಕೇಳುವ ಹೃದಯ’. ದೈವದ ಜ್ಞಾನ ಅಲ್ಲಿ ಕಿವಿಯ ದಾರಿಯಲ್ಲಿ ಬರುತ್ತದೆ. ಅದನ್ನು ಕಣ್ಣಿಗೆ ಕಾಣಿಸಲು ಹೊರಟ ಜೋರ್ದಾನೊ ಎಲ್ಲವನ್ನೂ ತೋರಿಸಿಬಿಟ್ಟ, ಕೇಳಿಸಿಕೊಳ್ಳುವ ಮೌನಕ್ಕೆ ಎಡೆಯೇ ಉಳಿಯಲಿಲ್ಲ. ಚಿತ್ರವಾಗಿ ಅದು ಸೋತಿದೆ. ಆದರೆ ಈ ಜೋರ್ದಾನೊ ನೇಪಲ್ಸ್‌ನವನೇ, ಮೊದಮೊದಲು ರಿಬೇರನ ಶೈಲಿಯಲ್ಲೇ ಬರೆದವನು. ಕಂಡದ್ದನ್ನೆಲ್ಲ ತೋರಿಸಬೇಕೆ, ಮರೆಮಾಡಬೇಕೆ ಎಂಬ ಜಗಳ ಒಂದೇ ಊರಿನ ಎರಡು ತಲೆಮಾರುಗಳ ನಡುವೆ ನಡೆದಿರುವಾಗ, ಸೋತ ಚಿತ್ರವೊಂದನ್ನು ಹಿಡಿದು ಇಡೀ ಕಾಲವನ್ನೇ ಪ್ರಚಾರವೆಂದು ತಳ್ಳಿಹಾಕುವುದು ವಿಮರ್ಶೆಯಲ್ಲ, ಸೋಮಾರಿತನ.

ಈ ಸಂಚಿಕೆಯ ವಿಶೇಷ ವಿಭಾಗ ಕನಸನ್ನು ಕುರಿತದ್ದು. ‘ಬರೋಕ್’ ಪದವನ್ನು ಬೈಗುಳವಾಗಿ ಬಳಸಿದ ಲೇಖನಗಳನ್ನು ಇನ್ನು ಮುಂದೆ ತಿದ್ದದೆ ಅಚ್ಚುಮಾಡುವುದಿಲ್ಲ. ಲೇಖಕರು ದಯವಿಟ್ಟು ಗಮನಿಸಬೇಕು.